ಎಂಜಿನ್ ಎಸ್ಟಿಮೇಟ್ ಓದುವ ಬಗೆ

ಕಾರಿನ ಎಂಜಿನ್ ಬದಲಿಸಲು ಗ್ಯಾರೇಜು ಕೊಡುವ ಎಸ್ಟಿಮೇಟಿನಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ಕೇಳಿದ ದರ ಮಾಡಲಿರುವ ಕೆಲಸಕ್ಕೆ ತಕ್ಕದ್ದೇ ಎಂಬುದು ಒಂದು. ಆ ಕಾರಿಗೆ ಅಷ್ಟು ಹಣ ಸುರಿಯುವುದು ಸರಿಯೇ ಎಂಬುದು ಇನ್ನೊಂದು. ಮಾಲೀಕರು ಇವೆರಡನ್ನೂ ಒಂದೇ ಉಸಿರಿಗೆ ಕೇಳುತ್ತಾರೆ. ಮೂರು ಲಕ್ಷ ಬಾಳುವ ಕಾರಿಗೆ ಒಂದೂವರೆ ಲಕ್ಷದ ಎಂಜಿನ್ ಕೆಲಸವೇ ಎಂದು ಮೆಕ್ಯಾನಿಕ್ಕಿನ ಮೇಲೆ ಗುಮಾನಿ ಪಡುತ್ತಾರೆ. ಕಾರು ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ನಿಜ. ಆದರೆ ಅದರೊಳಗಿನ ಪಿಸ್ಟನ್, ಬೇರಿಂಗ್‌ಗಳ ಬೆಲೆಯಾಗಲೀ ಲೇತ್ ಅಂಗಡಿಯ ಕೂಲಿಯಾಗಲೀ ಕಾರಿನ ವಯಸ್ಸು ಕೇಳಿ ಇಳಿಯುವುದಿಲ್ಲ. ಹಾಗಾಗಿ ದರ ನ್ಯಾಯವಾಗಿದ್ದೂ ಖರ್ಚು ದಂಡವಾಗಬಹುದು. ಖರ್ಚು ಮಾಡಲು ಯೋಗ್ಯವಾದ ಕಾರಿಗೆ ಹೇಳಿದ ದರ ವಿಪರೀತವಾಗಿರಲೂಬಹುದು. ಮೊದಲ ಪ್ರಶ್ನೆಗೆ ಉತ್ತರ ಎಸ್ಟಿಮೇಟಿನ ಹಾಳೆಯೊಳಗೇ ಸಿಗುತ್ತದೆ. ಎರಡನೆಯದಕ್ಕೆ ಹಾಳೆಯ ಹೊರಗೆ ಹುಡುಕಬೇಕು.

ಹಾಳೆಯ ಕೊನೆಯ ಸಾಲಿನ ಮೊತ್ತಕ್ಕಿಂತ ಮುಂಚೆ ನೋಡಬೇಕಾದದ್ದು ಮೊದಲ ಸಾಲನ್ನು. ಎಂಜಿನ್‌ಗೆ ಏನಾಗಿದೆ, ಅದು ಗೊತ್ತಾದದ್ದು ಹೇಗೆ ಎಂಬುದು ಅಲ್ಲಿ ಇರಬೇಕು. ‘ಎಂಜಿನ್ ಹೋಗಿದೆ’ ಎಂಬ ಮಾತು ತೀರ್ಪು. ಅದರ ಹಿಂದೆ ವಿಚಾರಣೆ ನಡೆದಿದೆಯೇ ಎಂದು ಕೇಳಲೇಬೇಕು. ನೀಲಿ ಹೊಗೆಯನ್ನೇ ತೆಗೆದುಕೊಂಡರೆ, ಆಯಿಲ್ ಉರಿಯುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಆ ಆಯಿಲ್ ಸವೆದ ಪಿಸ್ಟನ್ ರಿಂಗುಗಳ ಸಂದಿನಿಂದ ಮೇಲೇರಿರಬಹುದು, ಗಟ್ಟಿಯಾದ ವಾಲ್ವ್ ಸೀಲಿನಿಂದ ಕೆಳಗಿಳಿದಿರಬಹುದು, ಡೀಸೆಲ್ ಕಾರಾದರೆ ಟರ್ಬೊದಿಂದ ಸೋರಿ ಗಾಳಿಯ ಕೊಳವೆಗೆ ಸೇರಿರಬಹುದು. ಮೊದಲನೆಯದಕ್ಕೆ ಎಂಜಿನ್ ಬಿಚ್ಚದೆ ವಿಧಿಯಿಲ್ಲ. ಕೊನೆಯದಕ್ಕೆ ಟರ್ಬೊ ಒಂದನ್ನು ಕಳಚಿದರೆ ಸಾಕು. ಹೊಗೆಯ ಬಣ್ಣ ನೋಡಿಯೇ ಎಂಜಿನ್ ಇಳಿಸಲು ಹೊರಡುವ ಗ್ಯಾರೇಜಿನ ಎಸ್ಟಿಮೇಟ್ ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ.

ವಿಚಾರಣೆಗೆ ಬೇಕಾದ ಪರೀಕ್ಷೆಗಳು ಹಳೆಯವು, ಸರಳವಾದವು. ಕಂಪ್ರೆಶನ್ ಪರೀಕ್ಷೆಯಲ್ಲಿ ಒಂದೊಂದೇ ಸಿಲಿಂಡರಿಗೆ ಮಾಪಕ ಜೋಡಿಸಿ, ಸ್ಟಾರ್ಟರ್ ತಿರುಗಿಸಿ, ಪಿಸ್ಟನ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ನೋಡುತ್ತಾರೆ. ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಆಸುಪಾಸು ಇರುತ್ತದೆ. ಡೀಸೆಲ್‌ನಲ್ಲಿ ಅದರ ಎರಡರಷ್ಟೋ ಅದಕ್ಕೂ ಹೆಚ್ಚೋ. ಒಂದು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಮೂರು ಸಿಲಿಂಡರು 170 ತೋರಿಸಿ ನಾಲ್ಕನೆಯದು 90ಕ್ಕೆ ನಿಂತರೆ ತೊಂದರೆ ಅಲ್ಲೇ ಇದೆ. ಆ ತೊಂದರೆ ಎಂಥದ್ದೆಂದು ತಿಳಿಯಲು ಇನ್ನೊಂದು ಪರೀಕ್ಷೆ ಇದೆ: ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಸಿಲಿಂಡರಿಗೆ ಗಾಳಿ ತುಂಬಿ, ಅದು ಎಲ್ಲಿಂದ ತಪ್ಪಿಸಿಕೊಳ್ಳುತ್ತದೆ ಎಂದು ಕಿವಿಗೊಡುವುದು. ಸೈಲೆನ್ಸರಿನಿಂದ ಸುಯ್ ಎಂದರೆ ಹೊಗೆ ಹೊರಬಿಡುವ ವಾಲ್ವ್ ಕೂತಿಲ್ಲ. ಆಯಿಲ್ ಹಾಕುವ ಮುಚ್ಚಳದಿಂದ ಬಂದರೆ ರಿಂಗ್ ಅಥವಾ ಪಿಸ್ಟನ್ ಕೆಟ್ಟಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ವಾಲ್ವ್ ದೋಷವಾದರೆ ಹೆಡ್ ಒಂದನ್ನು ಇಳಿಸಿ ಕೆಲಸ ಮುಗಿಸಬಹುದು. ಈ ಎರಡೂ ಪರೀಕ್ಷೆಗಳಿಗೆ ಬೇಕಾದದ್ದು ಕೆಲವು ತಾಸಿನ ಕೆಲಸ. ಎಂಜಿನ್ ಇಳಿಸುವ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು.

ಆಯಿಲ್ ಒತ್ತಡ ಕುಸಿದು ಕೆಳಗಿನಿಂದ ಟಕಟಕ ಸದ್ದು ಬರುತ್ತಿದ್ದರೆ ಆಯಿಲ್ ಸಂಪ್ ಬಿಚ್ಚಬೇಕು. ತಳದಲ್ಲಿ ಹೊಳೆಯುವ ಲೋಹದ ಪುಡಿ ಕಂಡರೆ ಬೇರಿಂಗ್ ಸವೆದಿರುವುದಕ್ಕೆ ಬೇರೆ ಸಾಕ್ಷಿ ಬೇಡ. ಮಳೆನೀರಿನಲ್ಲಿ ನಿಂತುಹೋದ ಕಾರಿನದು ಬೇರೆಯೇ ಕಥೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ನುಗ್ಗಿದ ಮೇಲೆ ಎಂಜಿನ್ ತಿರುಗಿದರೆ ಬಾಗುವುದು ಕನೆಕ್ಟಿಂಗ್ ರಾಡ್. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಮುಳುಗಿದಾಗ ಈ ಮಾತು ಮನೆಮಾತಾಗಿತ್ತು. ರಾಡ್ ಬಾಗಿದೆಯೇ ಎಂದು ಅಳೆಯುವ ದಾರಿ ನೇರವಾದದ್ದು: ಪ್ರತಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನೋಡಿದರೆ, ಬಾಗಿದ ರಾಡಿನದು ಮಿಕ್ಕವಕ್ಕಿಂತ ತಗ್ಗಿನಲ್ಲಿ ನಿಲ್ಲುತ್ತದೆ. ಹೆಡ್ ಡೊಂಕಾಗಿದೆ ಎನ್ನುವ ಗ್ಯಾರೇಜೂ ಅಳತೆ ತೋರಿಸಬೇಕು. ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಅಳೆದು, ತಯಾರಕರು ಹೇಳಿದ ಮಿತಿಯೊಡನೆ ಹೋಲಿಸಬೇಕು. ಆ ಮಿತಿ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿರುವುದರಿಂದ ಕಣ್ಣಳತೆ ಇಲ್ಲಿ ನಡೆಯದು.

ಏನಾಗಿದೆ ಎಂಬುದರ ಜೊತೆಗೆ ಯಾಕಾಯಿತು ಎಂಬುದೂ ಎಸ್ಟಿಮೇಟಿನಲ್ಲಿ ಇರಬೇಕು. ಬಹಳಷ್ಟು ಎಸ್ಟಿಮೇಟುಗಳು ಎಡವುವುದು ಇಲ್ಲೇ. ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಕಾದು ಕೆಟ್ಟಿದ್ದರೆ, ಅದೇ ರೇಡಿಯೇಟರನ್ನು ಉಳಿಸಿಕೊಂಡು ಕೂರಿಸುವ ಹೊಸ ಎಂಜಿನ್ನಿನ ಆಯಸ್ಸೂ ಅಷ್ಟೇ. ಬೇರಿಂಗ್ ಸೀಜ್ ಆಗಿದ್ದರೆ ಲೋಹದ ಪುಡಿ ಆಯಿಲ್ ಕೂಲರಿಗೂ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆಗೂ ಹೋಗಿರುತ್ತದೆ. ಅವನ್ನು ಬದಲಿಸಬೇಕು ಅಥವಾ ಪೂರ್ತಿ ತೊಳೆಯಬೇಕು. ಕಾರಣದ ದುರಸ್ತಿ ಬಿಟ್ಟಿರುವ ಎಸ್ಟಿಮೇಟ್ ಹತ್ತು ಸಾವಿರ ಕಡಿಮೆ ಕಾಣುತ್ತದೆ. ಆ ಹತ್ತು ಸಾವಿರಕ್ಕಾಗಿ ಲಕ್ಷದ ಕೆಲಸವನ್ನು ಮತ್ತೊಮ್ಮೆ ಮಾಡಿಸಬೇಕಾಗಬಹುದು.

ಮುಂದಿನದು, ಹಣ ಕೊಟ್ಟು ಕೊಳ್ಳುತ್ತಿರುವುದು ಏನನ್ನು ಎಂಬುದು. ‘ಎಂಜಿನ್ ಬದಲಾವಣೆ’ ಎಂಬ ಒಂದೇ ಮಾತಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಹಳೆಯ ಎಂಜಿನ್ನನ್ನೇ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಹೊಸದಾಗಿ ಹಾಕಿ ಕಟ್ಟುವುದು ಒಂದು. ಗ್ಯಾರೇಜಿನವರು ಇದನ್ನು ಓವರ್‌ಹಾಲ್ ಅಥವಾ ಫುಲ್ ಎಂಜಿನ್ ಕೆಲಸ ಎನ್ನುತ್ತಾರೆ. ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಕೂಡಿಸಿದ ಕೆಳಭಾಗವನ್ನು ಕಂಪನಿಯಿಂದ ಹೊಸದಾಗಿ ತರಿಸಿ ಹಳೆಯ ಹೆಡ್ಡನ್ನೇ ಅದರ ಮೇಲೆ ಕೂರಿಸುವುದು ಇನ್ನೊಂದು. ಇದಕ್ಕೆ ಹಾಫ್ ಎಂಜಿನ್ ಅಥವಾ ಶಾರ್ಟ್ ಬ್ಲಾಕ್ ಎಂಬ ಹೆಸರಿದೆ. ಹೆಡ್ ಸಮೇತ ಹೊಸದು ಬಂದರೆ ಲಾಂಗ್ ಬ್ಲಾಕ್. ಗುಜರಿಗೆ ಹೋದ ಅಥವಾ ಅಪಘಾತದಲ್ಲಿ ನುಜ್ಜಾದ ಕಾರಿನಿಂದ ಇಳಿಸಿದ ಎಂಜಿನ್ನನ್ನು ಇದ್ದಂತೆಯೇ ತಂದು ಕೂರಿಸುವುದು ನಾಲ್ಕನೆಯದು. ಒಂದು ಗ್ಯಾರೇಜು ಎಂಬತ್ತು ಸಾವಿರ, ಮತ್ತೊಂದು ಎರಡು ಲಕ್ಷ ಹೇಳಿದರೆ ಎರಡನೆಯವರು ಸುಲಿಗೆಗೆ ನಿಂತಿದ್ದಾರೆ ಎಂದು ತಿಳಿಯುವ ಮೊದಲು ಇಬ್ಬರೂ ಒಂದೇ ವಸ್ತುವಿನ ಬೆಲೆ ಹೇಳುತ್ತಿದ್ದಾರೆಯೇ ಎಂದು ನೋಡಬೇಕು. ಹೆಚ್ಚಿನ ಸಲ ಹೇಳುತ್ತಿರುವುದಿಲ್ಲ.

ಈ ವ್ಯತ್ಯಾಸ ಚೆನ್ನಾಗಿ ಕಾಣುವುದು 1248 ಸಿಸಿಯ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ. ಫಿಯಟ್ ಇದನ್ನು ಮಲ್ಟಿಜೆಟ್ ಎಂದಿತು, ಮಾರುತಿ ಡಿಡಿಐಎಸ್ ಎಂದಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾ ಎಲ್ಲದರಲ್ಲೂ ಇದ್ದದ್ದು ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದರೂ ಈ ಎಂಜಿನ್ ಹೊತ್ತ ಕಾರುಗಳು ಊರೂರಲ್ಲಿ ಓಡುತ್ತಿವೆ, ಅದರಲ್ಲೂ ಬಾಡಿಗೆಗೆ ಓಡಿ ಮೀಟರ್ ಸುಸ್ತಾದ ಡಿಸೈರ್‌ಗಳು. ಕಾರುಗಳ ಸಂಖ್ಯೆ ದೊಡ್ಡದಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ, ಕೈಪಳಗಿದ ಮೆಕ್ಯಾನಿಕ್‌ಗಳಿಗೂ ಬರವಿಲ್ಲ. ಬ್ಲಾಕ್ ಎರಕದ ಕಬ್ಬಿಣದ್ದು, ಬೋರ್ ಮಾಡಿಸಲು ಅನುಕೂಲ. ಹೀಗಾಗಿ ಇಂಥ ಎಂಜಿನ್‌ಗೆ ಓವರ್‌ಹಾಲ್ ಎಂಬುದು ಗಟ್ಟಿಯಾದ ಆಯ್ಕೆ. ‘ಕಂಪನಿಯಿಂದ ಹೊಸದೇ ತರಿಸಬೇಕು, ಬೇರೆ ದಾರಿಯಿಲ್ಲ’ ಎನ್ನುವವರು ಅದಕ್ಕೆ ಕಾರಣ ಕೊಡಬೇಕಾಗುತ್ತದೆ: ಬ್ಲಾಕ್ ಬಿರುಕು ಬಿಟ್ಟಿದೆ, ಅಥವಾ ರಾಡ್ ಮುರಿದು ಪಕ್ಕದ ಗೋಡೆಯನ್ನೇ ತೂತು ಮಾಡಿದೆ, ಹೀಗೆ. ಇದೇ ಮಾತು ಅಲ್ಯೂಮಿನಿಯಂ ಬ್ಲಾಕಿನ ಪೆಟ್ರೋಲ್ ಎಂಜಿನ್‌ಗಳಿಗೆ ಅಷ್ಟು ಸಲೀಸಾಗಿ ಅನ್ವಯಿಸದು. ವಿಪರೀತ ಕಾದ ಅಲ್ಯೂಮಿನಿಯಂ ಬ್ಲಾಕ್ ಸೊಟ್ಟಗಾಗಿದ್ದರೆ ಲೇತಿನವರು ಕೈಚೆಲ್ಲುವುದೂ ಉಂಟು, ಆಗ ಶಾರ್ಟ್ ಬ್ಲಾಕ್ ಕೇಳುವುದರಲ್ಲಿ ತಪ್ಪಿಲ್ಲ.

ಬಿಡಿಭಾಗಗಳ ಪಟ್ಟಿ ಎಸ್ಟಿಮೇಟಿನ ಅತಿ ಉದ್ದದ ಭಾಗ, ಪರಿಶೀಲಿಸಲು ಅತಿ ಸುಲಭದ್ದೂ ಹೌದು. ಪ್ರತಿ ಭಾಗಕ್ಕೂ ಪಾರ್ಟ್ ನಂಬರ್ ಇರುತ್ತದೆ. ಆ ನಂಬರನ್ನು ಅಂಗಡಿಯಲ್ಲೋ ಅಂತರ್ಜಾಲದಲ್ಲೋ ಕೊಟ್ಟರೆ ಬೆಲೆ ಸಿಗುತ್ತದೆ. ಬರೀ ‘ಪಿಸ್ಟನ್ ಸೆಟ್’, ‘ಬೇರಿಂಗ್ ಸೆಟ್’ ಎಂದು ಬರೆದು ಪಾರ್ಟ್ ನಂಬರನ್ನೂ ತಯಾರಕರ ಹೆಸರನ್ನೂ ಬಿಟ್ಟಿರುವ ಪಟ್ಟಿಯಿಂದ ಯಾವ ಹೋಲಿಕೆಯೂ ಸಾಧ್ಯವಿಲ್ಲ. ಒರಿಜಿನಲ್, ಡೂಪ್ಲಿಕೇಟ್ ಎಂಬ ಎರಡೇ ಜಾತಿ ಇದೆ ಎಂಬ ನಂಬಿಕೆಯೂ ದಾರಿ ತಪ್ಪಿಸುತ್ತದೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಭಾಗಗಳಲ್ಲಿ ಬಹಳಷ್ಟನ್ನು ಬೇರೆ ಕಾರ್ಖಾನೆಗಳು ತಯಾರಿಸುತ್ತವೆ, ತಮ್ಮದೇ ಹೆಸರಿನ ಡಬ್ಬಿಯಲ್ಲೂ ಮಾರುತ್ತವೆ. ಪಿಸ್ಟನ್, ರಿಂಗುಗಳಿಗೆ ಹೆಸರಾದ ಗೊಯೆಟ್ಜೆಯ ಒಂದು ಕಾರ್ಖಾನೆ ಬೆಂಗಳೂರಿನ ಯಲಹಂಕದಲ್ಲೇ ಇದೆ. ಇಂಥ ಡಬ್ಬಿಯ ಮಾಲು ಕಡಿಮೆ ಬೆಲೆಗೆ ಸಿಕ್ಕರೆ ಅದು ಕಳಪೆ ಎಂದಲ್ಲ. ಹೆಸರೇ ಇಲ್ಲದ ಡಬ್ಬಿಯ ಮಾಲನ್ನು ಕಂಪನಿ ದರಕ್ಕೆ ಹಾಕಿದರೆ ಮಾತ್ರ ಅದು ಮೋಸ.

ತೆರಿಗೆಯ ಸಾಲುಗಳನ್ನು ಕೂಡಿಕಳೆದು ನೋಡುವವರು ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ 18 ಆಗಿದೆ. ಅದಕ್ಕೂ ಮೊದಲು ಬಹುತೇಕ ಭಾಗಗಳಿಗೆ ಶೇ 28 ಇತ್ತು. ಮೂಲಬೆಲೆ 50,000 ರೂಪಾಯಿಯ ಭಾಗಗಳಿಗೆ ಹಿಂದೆ 64,000 ಆಗುತ್ತಿದ್ದದ್ದು ಈಗ 59,000ಕ್ಕೆ ಇಳಿಯಬೇಕು. ಹಳೆಯ ದರಪಟ್ಟಿಯನ್ನೇ ಇಟ್ಟುಕೊಂಡಿರುವ ಅಂಗಡಿಯಿಂದ ಐದು ಸಾವಿರ ಕೈಬಿಟ್ಟು ಹೋಗಬಹುದು. ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ಎಡವಟ್ಟು ಇದೆ. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಪಟ್ಟಿಯಲ್ಲಿ ಎಂಆರ್‌ಪಿಯನ್ನೇ ಬರೆದು ಕೆಳಗೆ ಮತ್ತೆ ಶೇ 18 ಕೂಡಿಸಿದರೆ ಅದೇ ತೆರಿಗೆಯನ್ನು ಎರಡು ಸಲ ವಸೂಲು ಮಾಡಿದಂತೆ. ಕೂಲಿಯ ಮೇಲೂ ಶೇ 18 ಜಿಎಸ್‌ಟಿ ಇದೆ, ಆದರೆ ಅದನ್ನು ಕೇಳುವ ಹಕ್ಕಿರುವುದು ನೋಂದಾಯಿತ ಗ್ಯಾರೇಜಿಗೆ ಮಾತ್ರ. ನೋಂದಣಿಯೇ ಇಲ್ಲದ ಸಣ್ಣ ಗ್ಯಾರೇಜಾಗಲೀ, ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಯಾಗಲೀ ಗಿರಾಕಿಯಿಂದ ಜಿಎಸ್‌ಟಿ ಪಡೆಯುವಂತಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಆ ಸಾಲೂ ಇರಬಾರದು.

ಲೇತ್ ಕೆಲಸದ ಖರ್ಚು ಒಟ್ಟು ಮೊತ್ತದಲ್ಲಿ ಚಿಕ್ಕದು, ಎಂಜಿನ್ ಬಾಳಿಕೆಯ ಹೆಚ್ಚು ಪಾಲು ನಿರ್ಧಾರವಾಗುವುದು ಮಾತ್ರ ಅಲ್ಲೇ. ಸಿಲಿಂಡರನ್ನು 0.25 ಅಥವಾ 0.50 ಮಿಲಿಮೀಟರ್ ಅಗಲಿಸಿ, ಅದೇ ಅಳತೆಯ ದಪ್ಪ ಪಿಸ್ಟನ್ ಹಾಕುತ್ತಾರೆ. ಬೋರ್ ಮಾಡಿದ ಮೇಲೆ ಒಳಗೋಡೆಗೆ ಹೋನಿಂಗ್ ಮಾಡಿ ಅಡ್ಡಡ್ಡ ಗೀರು ಮೂಡಿಸುತ್ತಾರೆ. ಆಯಿಲ್ ನಿಲ್ಲುವುದು ಈ ಗೀರುಗಳಲ್ಲಿ. ಕ್ರ್ಯಾಂಕ್ ಸವೆದಿದ್ದರೆ ಅದನ್ನು ಅರೆದು ತೆಳುವಾಗಿಸಿ, ಅದಕ್ಕೆ ಹೊಂದುವ ದಪ್ಪ ಬೇರಿಂಗ್ ಕೂರಿಸಬೇಕು. ಎಸ್ಟಿಮೇಟಿನಲ್ಲಿ ಪಿಸ್ಟನ್ ಸೆಟ್ ‘ಪಾಯಿಂಟ್ ಐವತ್ತು’ ಎಂದಿದ್ದು ಬೋರಿಂಗ್ ಖರ್ಚೇ ಕಾಣದಿದ್ದರೆ ಏನೋ ಹೊಂದುತ್ತಿಲ್ಲ. ಸ್ಟ್ಯಾಂಡರ್ಡ್ ಅಳತೆಯ ಪಿಸ್ಟನ್ ಬರೆದು ಬೋರಿಂಗ್ ಕೂಲಿ ಹಾಕಿದ್ದರೆ ಅದಕ್ಕೆ ಸಮಾಧಾನ ಒಂದೇ: ಸಿಲಿಂಡರಿಗೆ ಹೊಸ ಸ್ಲೀವ್ ಹಾಕುತ್ತಿರಬೇಕು, ಮತ್ತು ಆ ಸ್ಲೀವ್ ಪಟ್ಟಿಯಲ್ಲಿರಬೇಕು. ತಾಂತ್ರಿಕ ಜ್ಞಾನ ಇಲ್ಲದವರೂ ಇಷ್ಟನ್ನು ತಾಳೆ ನೋಡಬಹುದು. ಲೇತ್ ಅಂಗಡಿಯ ಬಿಲ್ಲನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ ಹೆಚ್ಚಿನ ಗ್ಯಾರೇಜುಗಳು ಈ ಕೆಲಸವನ್ನು ಹೊರಗಡೆಯೇ ಮಾಡಿಸುತ್ತವೆ.

ಕೂಲಿಯ ಲೆಕ್ಕ ಕೊಂಚ ಜಾರುವಂಥದ್ದು. ಕಂಪನಿ ಸರ್ವಿಸ್ ಸೆಂಟರುಗಳಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ತಾಸು ಎಂದು ಮೊದಲೇ ನಿಗದಿಯಾಗಿರುತ್ತದೆ. ಮೆಕ್ಯಾನಿಕ್ ಬೇಗ ಮುಗಿಸಿದರೂ ತಡ ಮಾಡಿದರೂ ಗಿರಾಕಿಗೆ ಅದೇ ದರ. ಈ ಪದ್ಧತಿಯಲ್ಲಿ ಕಣ್ಣಿಡಬೇಕಾದದ್ದು ಕೆಲಸಗಳು ಒಂದರ ಮೇಲೊಂದು ಬೀಳುವ ಕಡೆ. ಎಂಜಿನ್ ಇಳಿಸಿದಾಗ ಗೇರ್‌ಬಾಕ್ಸ್ ಬೇರೆಯಾಗಿಯೇ ಇರುತ್ತದೆ, ಕ್ಲಚ್ ಪ್ಲೇಟು ಕೈಗೆಟಕುವಂತಿರುತ್ತದೆ. ಆಗ ಕ್ಲಚ್ ಬದಲಿಸಲು ಪ್ಲೇಟಿನ ಬೆಲೆ ಹಾಗೂ ಅಲ್ಪಸ್ವಲ್ಪ ಕೂಲಿ ಸಾಕು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕುವ ಪೂರ್ಣ ಕೂಲಿಯನ್ನು ಇನ್ನೊಂದು ಸಾಲಿನಲ್ಲಿ ಹಾಕಿದ್ದರೆ ಗೇರ್‌ಬಾಕ್ಸನ್ನು ಎರಡು ಸಲ ಇಳಿಸಿದ ಲೆಕ್ಕ. ಟೈಮಿಂಗ್ ಚೈನ್, ಕ್ರ್ಯಾಂಕ್ ಆಯಿಲ್ ಸೀಲ್, ವಾಟರ್ ಪಂಪ್ ಎಲ್ಲಕ್ಕೂ ಇದೇ ಮಾತು. ಓವರ್‌ಹಾಲ್ ಕೂಲಿಯೊಂದಿಗೆ ‘ಹೆಡ್ ಇಳಿಸಿ ಏರಿಸುವುದು’ ಎಂದು ಬೇರೆ ಸಾಲು ಕಂಡರೆ ಕೇಳಲೇಬೇಕು. ಹೆಡ್ ಇಳಿಸದೆ ಓವರ್‌ಹಾಲ್ ಹೇಗಾಗುತ್ತದೆ? ಕ್ಲಚ್ಚನ್ನು ಆಗಲೇ ಬದಲಿಸಿ ಎಂಬ ಸಲಹೆ ಬಂದರೆ ಅದನ್ನು ದುಂದು ಎಂದು ತಳ್ಳಬಾರದು. ಅರ್ಧ ಸವೆದ ಕ್ಲಚ್ ವರ್ಷದ ಮೇಲೆ ಹೋದರೆ ಆ ಕೂಲಿ ಪೂರ್ತಿ ಬೀಳುತ್ತದೆ.

ಎಸ್ಟಿಮೇಟಿನಲ್ಲಿ ಇರುವುದನ್ನು ಜನ ಗಮನಿಸುತ್ತಾರೆ, ಇಲ್ಲದಿರುವುದು ಕಣ್ತಪ್ಪುತ್ತದೆ. ಗ್ಯಾಸ್ಕೆಟ್ ಕಿಟ್, ಆಯಿಲ್, ಫಿಲ್ಟರ್, ಕೂಲಂಟ್, ಹೊಸ ಹೆಡ್ ಬೋಲ್ಟ್‌ಗಳು ಇರಲೇಬೇಕಾದವು. ಈಗಿನ ಅನೇಕ ಎಂಜಿನ್‌ಗಳ ಹೆಡ್ ಬೋಲ್ಟ್‌ಗಳು ಬಿಗಿದಾಗ ಹಿಗ್ಗುವ ಜಾತಿಯವು, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕುವಂತಿಲ್ಲ. ಡೀಸೆಲ್ ಎಂಜಿನ್ನಾದರೆ ಇಂಜೆಕ್ಟರುಗಳನ್ನು ಪರೀಕ್ಷೆಗೆ ಕಳಿಸುವ ಸಾಲು ಇದೆಯೇ ನೋಡಬೇಕು. ಒಂದು ಇಂಜೆಕ್ಟರ್ ಡೀಸೆಲನ್ನು ಸಿಂಪಡಿಸುವ ಬದಲು ಸುರಿಯುತ್ತಿದ್ದರೆ ಹೊಸ ಪಿಸ್ಟನ್ನಿನ ತಲೆ ಕರಗೀತು. ಈ ಸಾಲುಗಳೆಲ್ಲ ಬಿಟ್ಟುಹೋದ ಅಗ್ಗದ ಎಸ್ಟಿಮೇಟ್ ಮೂರು ವಾರದ ನಂತರ ‘ಬಿಚ್ಚಿದ ಮೇಲೆ ಗೊತ್ತಾಯಿತು’ ಎಂಬ ಫೋನು ಕರೆಯೊಂದಿಗೆ ಉಳಿದ ದರಗಳ ಎತ್ತರಕ್ಕೇ ಬಂದು ನಿಲ್ಲುತ್ತದೆ. ಬಿಚ್ಚುವ ಮೊದಲು ಎಲ್ಲವೂ ತಿಳಿಯುವುದಿಲ್ಲ ಎಂಬುದು ಸತ್ಯವೇ. ಪ್ರಾಮಾಣಿಕ ಗ್ಯಾರೇಜು ಅದನ್ನು ಮುಂಚೆಯೇ ಬರೆದುಕೊಡುತ್ತದೆ: ಕ್ರ್ಯಾಂಕ್ ಚೆನ್ನಾಗಿದ್ದರೆ ಇಷ್ಟು, ಅರೆಯಬೇಕಾದರೆ ಇಷ್ಟು, ಬದಲಿಸಬೇಕಾದರೆ ಇಷ್ಟು. ಹೀಗೆ ಕವಲೊಡೆದ ಎಸ್ಟಿಮೇಟ್ ನೋಡಲು ಗೊಂದಲವಾದರೂ ದುಂಡನೆಯ ಒಂದೇ ಮೊತ್ತಕ್ಕಿಂತ ನಂಬಿಕೆಗೆ ಅರ್ಹ.

ಬಳಸಿದ ಎಂಜಿನ್ ತಂದು ಕೂರಿಸುವ ದಾರಿ ಅಗ್ಗ ಮತ್ತು ಬೇಗ. ಅಪಾಯವೂ ಅದರಲ್ಲೇ ಹೆಚ್ಚು. ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾಗಳಂಥ ಪೇಟೆಗಳಲ್ಲಿ ಯಾವ ಕಾರಿನ ಎಂಜಿನ್ ಬೇಕಾದರೂ ಸಿಗುತ್ತದೆ. ಅದು ಎಷ್ಟು ಓಡಿದೆ ಎಂದು ಹೇಳಬಲ್ಲ ಮೀಟರ್ ಮಾತ್ರ ಕಾರಿನಲ್ಲೇ ಉಳಿದುಹೋಗಿರುತ್ತದೆ. ಮೇರಠ್‌ನ ಸೋತಿಗಂಜ್ ಪೇಟೆಯನ್ನು 2021ರ ಡಿಸೆಂಬರಿನಲ್ಲಿ ಪೊಲೀಸರು ಮುಚ್ಚಿಸಿದ್ದು ಕದ್ದ ವಾಹನಗಳನ್ನು ಅಲ್ಲಿ ಬಿಚ್ಚಿ ಮಾರುತ್ತಿದ್ದ ಕಾರಣಕ್ಕೆ. ಎಂಜಿನ್ ಸಂಖ್ಯೆ, ಅದು ಬಂದ ಕಾರಿನ ಆರ್‌ಸಿ ಪ್ರತಿ, ಮಾರಿದವರ ಬಿಲ್ಲು ಈ ಮೂರೂ ಇಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ. ಹೆಸರು ಬೇರೆಯಾದರೂ ಒಂದೇ ಎಂಜಿನ್ ಎಂದು ನಂಬಿ ವಿಸ್ಟಾದ್ದನ್ನು ಸ್ವಿಫ್ಟಿಗೆ ತರುವವರಿದ್ದಾರೆ. ಒಳಗಿನ ಮೂಲವಿನ್ಯಾಸ ಒಂದೇ ಇದ್ದರೂ ಟರ್ಬೊ, ಮೌಂಟಿಂಗ್, ವೈರಿಂಗ್, ಕಂಪ್ಯೂಟರುಗಳಲ್ಲಿ ವ್ಯತ್ಯಾಸ ಇರುವುದರಿಂದ ಉಳಿಸಿದ ಹಣ ಹೊಂದಿಸುವುದರಲ್ಲೇ ಕರಗುತ್ತದೆ. ಇಂಥ ಎಂಜಿನ್ನನ್ನು ಕೂರಿಸುವ ಮೊದಲೇ ಕಂಪ್ರೆಶನ್ ನೋಡಿ, ಫಲಿತಾಂಶವನ್ನು ಬರೆದುಕೊಡಬೇಕು ಎಂಬ ಷರತ್ತು ಹಾಕುವುದು ನ್ಯಾಯ.

ಹಳೆಯ ಎಂಜಿನ್ ಯಾರದ್ದು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಅದು ಕಾರಿನ ಮಾಲೀಕರದ್ದು. ಕಬ್ಬಿಣ, ಅಲ್ಯೂಮಿನಿಯಂ ತೂಕದ ಬೆಲೆಯಂತೂ ಇದ್ದೇ ಇದೆ. ಜೊತೆಗೆ ಕೆಟ್ಟಿರದ ಹೆಡ್, ಆಲ್ಟರ್ನೇಟರ್, ಟರ್ಬೊಗಳಿಗೆ ಪೇಟೆಯಲ್ಲಿ ಗಿರಾಕಿ ಇದ್ದಾರೆ. ಗ್ಯಾರೇಜು ಅದನ್ನು ಇಟ್ಟುಕೊಳ್ಳುವುದಾದರೆ ಎಸ್ಟಿಮೇಟಿನಲ್ಲಿ ಕಳೆಯುವ ಸಾಲೊಂದು ಇರಬೇಕು.

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು. ಎರಡನೆಯದು ಮಾಲೀಕರ ಜೇಬಿಗೆ ಸೇರಿದ್ದು. ಎಸ್ಟಿಮೇಟನ್ನು ಕಾರಿನ ಪೂರ್ತಿ ಬೆಲೆಯೊಂದಿಗೆ ತೂಗುವ ರೂಢಿ ಇದೆ. ಅದು ತಪ್ಪು ತಕ್ಕಡಿ. ತೂಗಬೇಕಾದದ್ದು ಎಂಜಿನ್ ಸರಿಯಾದಾಗ ಕಾರಿಗೆ ಬರುವ ಬೆಲೆಗೂ ಈಗಿರುವ ಸ್ಥಿತಿಯಲ್ಲಿ ಮಾರಿದರೆ ಸಿಗುವ ಬೆಲೆಗೂ ಇರುವ ಅಂತರದೊಂದಿಗೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಓಡುವ ಸ್ಥಿತಿಯಲ್ಲಿ 3,50,000 ರೂಪಾಯಿ ಬಾಳುವ ಡಿಸೈರ್ ಎಂಜಿನ್ ಕೆಟ್ಟು ನಿಂತಿದೆ, ಎಸ್ಟಿಮೇಟ್ 1,60,000. ನಿಂತ ಕಾರಿಗೆ 1,50,000 ಮಾತ್ರ ಕೊಡುತ್ತೇವೆ ಎಂದರೆ ಅಂತರ 2,00,000, ದುರಸ್ತಿ ಲಾಭದ್ದೇ. ಅದೇ ನಿಂತ ಕಾರಿಗೆ 2,20,000 ಕೊಡುವವರು ಸಿಕ್ಕರೆ ಅಂತರ 1,30,000ಕ್ಕೆ ಇಳಿಯುತ್ತದೆ. ಆಗ ಮಾರುವುದೇ ಮೇಲು. ಎಸ್ಟಿಮೇಟ್ ಒಂದೇ, ಗ್ಯಾರೇಜೂ ಅದೇ, ತೀರ್ಮಾನ ಮಾತ್ರ ತಿರುಗಿಬಿತ್ತು.

ಈ ಅಂತರಕ್ಕೆ ಸೇರಿಸಬೇಕಾದ ಇನ್ನೂ ಒಂದೆರಡು ಸಂಗತಿಗಳಿವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು, ಜೊತೆಗೆ ಫಿಟ್ನೆಸ್ ತಪಾಸಣೆಯೂ ಹಸಿರು ತೆರಿಗೆಯೂ ಬರುತ್ತವೆ. ಹದಿನಾಲ್ಕು ವರ್ಷದ ಕಾರಿಗೆ ಹೊಸ ಎಂಜಿನ್ ಹಾಕಿದವರು ಮರುವರ್ಷವೇ ಈ ಸಾಲಿನಲ್ಲಿ ನಿಲ್ಲಬೇಕು. ಇನ್ನೊಂದು ಕಡೆ, ಅದೇ ಹಣ ಸೇರಿಸಿ ಕೊಳ್ಳುವ ಬೇರೊಂದು ಹಳೆಯ ಕಾರಿನ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಗೇರ್‌ಬಾಕ್ಸ್, ಸಸ್ಪೆನ್ಷನ್, ಬಾಡಿ ಗಟ್ಟಿಯಾಗಿದ್ದು ಒಬ್ಬರ ಕೈಯಲ್ಲೇ ಓಡಿದ ಕಾರಾದರೆ ಲೆಕ್ಕದ ಅಂತರ ಕೊಂಚ ಪ್ರತಿಕೂಲವಾಗಿದ್ದರೂ ದುರಸ್ತಿಯತ್ತ ವಾಲುವುದು ಅವಿವೇಕವಲ್ಲ. ತುಕ್ಕು ಹಿಡಿದ ಬಾಡಿಗೆ ಹೊಸ ಎಂಜಿನ್ ಹಾಕುವುದನ್ನು ಮಾತ್ರ ಯಾವ ಲೆಕ್ಕವೂ ಸಮರ್ಥಿಸದು.

ವಿಮೆಯಿಂದ ಹಣ ಬರಬಹುದೆಂಬ ಆಸೆಗೆ ಮಿತಿಗಳಿವೆ. ಸವೆತದಿಂದಾಗಲೀ ಯಾಂತ್ರಿಕ ದೋಷದಿಂದಾಗಲೀ ಕೆಟ್ಟ ಎಂಜಿನ್‌ಗೆ ವಾಹನ ವಿಮೆ ಏನೂ ಕೊಡುವುದಿಲ್ಲ. ಪ್ರವಾಹದ ಹಾನಿ ವಿಮೆಯ ವ್ಯಾಪ್ತಿಯಲ್ಲಿದೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಅದು ಪರಿಣಾಮವಾಗಿ ಆದ ಹಾನಿ ಎಂದು ಕಂಪನಿಗಳು ತಳ್ಳಿಹಾಕುತ್ತವೆ. ಅದಕ್ಕೆಂದೇ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇರೆ ಇದೆ. ಕ್ಲೇಮ್ ಒಪ್ಪಿತವಾದರೂ ಭಾಗಗಳ ಮೇಲೆ ವಯಸ್ಸಿನ ಸವಕಳಿ ಕಳೆಯುತ್ತಾರೆ: ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ 40, ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಎಷ್ಟೇ ವಯಸ್ಸಾಗಿರಲಿ ಶೇ 50. ಸವಕಳಿ ಕಳೆಯದ ಕವರ್ ಇದ್ದರೆ ಮಾತ್ರ ಇದು ತಪ್ಪುತ್ತದೆ. ದುರಸ್ತಿ ಖರ್ಚು ಪಾಲಿಸಿಯಲ್ಲಿ ನಮೂದಾದ ಕಾರಿನ ಮೌಲ್ಯದ, ಅಂದರೆ ಐಡಿವಿಯ, ಶೇ 75 ದಾಟಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಐಡಿವಿ 3,00,000 ಇದ್ದ ಕಾರಿಗೆ ಈ ಗೆರೆ 2,25,000ಕ್ಕೆ ಬೀಳುತ್ತದೆ. ಎಸ್ಟಿಮೇಟ್ ಈ ಗೆರೆಯ ಆಸುಪಾಸಿನಲ್ಲಿ ಇದ್ದಾಗ ಹತ್ತು ಸಾವಿರದ ಏರಿಳಿತ ದುರಸ್ತಿಯೋ ಪರಿಹಾರವೋ ಎಂಬುದನ್ನೇ ಬದಲಿಸುವುದರಿಂದ ಪ್ರತಿ ಸಾಲನ್ನೂ ಎರಡು ಸಲ ಓದಬೇಕು. ಎಂಜಿನ್ ಬಿಚ್ಚುವ ಮೊದಲೇ ವಿಮಾ ಕಂಪನಿಗೆ ತಿಳಿಸಿ ಸರ್ವೇಯರ್ ಬರುವವರೆಗೆ ಕಾಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಎಂಜಿನ್ ಬಿಚ್ಚಿದ ಮೇಲೆ ಮಾಲೀಕರ ಕೈ ಕೆಳಗಾಗುತ್ತದೆ. 1872ರ ಕರಾರು ಕಾಯ್ದೆಯ 170ನೇ ಕಲಮಿನಂತೆ, ವಸ್ತುವಿನ ಮೇಲೆ ಶ್ರಮ ಮತ್ತು ಕೌಶಲ ವ್ಯಯಿಸಿದವರು ತಮ್ಮ ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ತಡೆಹಿಡಿಯಬಹುದು. ಗ್ಯಾರೇಜು ಕಾರಿನ ಕೀಲಿ ಕೊಡದೆ ಕೂತರೆ ಅದರ ಹಿಂದೆ ಈ ಕಲಮು ಇದೆ. ಆದ್ದರಿಂದ ಮಾತುಕತೆಯೆಲ್ಲ ಬಿಚ್ಚುವ ಮೊದಲೇ ಮುಗಿಯಬೇಕು. ಎಸ್ಟಿಮೇಟ್ ಇಷ್ಟು ಮೀರುವುದಾದರೆ ಒಪ್ಪಿಗೆ ಪಡೆದೇ ಮುಂದುವರಿಯಬೇಕು, ಕೆಲಸ ಬೇಡವೆಂದರೆ ಬಿಚ್ಚಿ ಜೋಡಿಸಿದ್ದಕ್ಕೆ ಇಷ್ಟೇ ಕೂಲಿ ಎಂಬ ಎರಡು ಸಾಲು ಲಿಖಿತವಾಗಿರಬೇಕು. ವಾರಂಟಿಯಲ್ಲೂ ತಿಂಗಳು ಹಾಗೂ ಕಿಲೋಮೀಟರ್ ಎರಡನ್ನೂ ಬರೆಸಿಕೊಳ್ಳಬೇಕು. ಭಾಗಗಳಿಗೆ ಮಾತ್ರ ವಾರಂಟಿ ಇದ್ದು ಕೂಲಿಗೆ ಇಲ್ಲದಿದ್ದರೆ, ನೂರಿನ್ನೂರು ರೂಪಾಯಿಯ ಸೀಲ್ ಸೋರಿದ್ದಕ್ಕೆ ಮತ್ತೆ ಎಂಜಿನ್ ಇಳಿಸುವ ಖರ್ಚು ಮಾಲೀಕರ ತಲೆಗೆ ಬರುತ್ತದೆ.

ಬ್ಲಾಕ್ ಬದಲಾಗಿದ್ದರೆ ಎಂಜಿನ್ ಸಂಖ್ಯೆಯೂ ಬದಲಾದಂತೆ, ಏಕೆಂದರೆ ಸಂಖ್ಯೆ ಕೊರೆದಿರುವುದು ಬ್ಲಾಕಿನ ಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ 14 ದಿನಗಳೊಳಗೆ ಇದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬೇಕು. ಇಲ್ಲವಾದರೆ ಮಾರುವಾಗ, ಫಿಟ್ನೆಸ್ ಮಾಡಿಸುವಾಗ, ಕ್ಲೇಮ್ ಕೇಳುವಾಗ ತಕರಾರು ಏಳುತ್ತದೆ. ಹೊಸ ಎಂಜಿನ್ನಿನ ಬಿಲ್ಲು ಈ ದಾಖಲಾತಿಗೆ ಬೇಕು, ಬಿಲ್ಲಿಲ್ಲದೆ ಕೊಂಚ ಕಡಿಮೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಓವರ್‌ಹಾಲ್ ಮಾಡಿಸಿ ಹಳೆಯ ಬ್ಲಾಕನ್ನೇ ಉಳಿಸಿಕೊಂಡವರಿಗೆ ಈ ಓಡಾಟ ಇಲ್ಲ. ಕೆಲಸ ಕೆಟ್ಟು ಗ್ಯಾರೇಜು ಹೊಣೆ ಹೊರಲು ಒಪ್ಪದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಪಾವತಿಸಿದ ಮೊತ್ತ ಐದು ಲಕ್ಷದವರೆಗೆ ಇದ್ದರೆ ಅದಕ್ಕೆ ಶುಲ್ಕವಿಲ್ಲ. ಆಯೋಗದ ಮುಂದೆ ನಿಲ್ಲುವ ಸಾಕ್ಷಿಗಳು ಪರೀಕ್ಷೆಯ ಅಂಕಿಗಳು, ಸಹಿ ಇರುವ ಎಸ್ಟಿಮೇಟ್, ಲೇತಿನ ಬಿಲ್ಲು ಮತ್ತು ಗ್ಯಾರೇಜಿನಿಂದ ಮರಳಿ ಪಡೆದ ಹಳೆಯ ಪಿಸ್ಟನ್, ಬೇರಿಂಗ್‌ಗಳು.